ದಂಡಿಗೂ ಹೊಸರಿತ್ತಿಗೂ ನಡುವಿನ ಹದಿಮೂರು ವರ್ಷ

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಯ ಕಡಲತೀರಕ್ಕೆ ಹೊರಟಾಗ ಅವರ ಹಿಂದೆ ನಡೆದವರ ಹೆಸರುಪಟ್ಟಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಸುಮಾರು ಎಂಬತ್ತು ಹೆಸರು. ಗುಜರಾತಿನವರೇ ಹೆಚ್ಚು, ಮಹಾರಾಷ್ಟ್ರ, ಕೇರಳ, ಪಂಜಾಬ, ಸಿಂಧ್ ಪ್ರಾಂತಗಳವರೂ ಇದ್ದರು. ಕರ್ನಾಟಕದ ಪಾಲಿಗೆ ಅದರಲ್ಲಿ ಒಂದೇ ಹೆಸರು: ಮಹಾದೇವ ಮಾರ್ತಂಡ, ವಯಸ್ಸು 18.

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಈ ಹುಡುಗ ನಮಗೆ ಮೈಲಾರ ಮಹಾದೇವಪ್ಪ. ಹಾವೇರಿಯ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ, ಅವರ ನೆನಪಿನ ವೀರಸೌಧವಿದೆ, 2018ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಶಾಲೆಯ ಮಕ್ಕಳನ್ನು ಕೇಳಿದರೆ ಎರಡು ಮಾತು ತಪ್ಪದೆ ಹೇಳುತ್ತಾರೆ: ದಂಡಿಗೆ ಹೋದ ಏಕೈಕ ಕನ್ನಡಿಗ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ವೀರ. ಎರಡೂ ಸತ್ಯ. ಆದರೆ ಈ ಎರಡು ದಿನಾಂಕಗಳ ನಡುವೆ ಹದಿಮೂರು ವರ್ಷ ಬದುಕಿದ ಮನುಷ್ಯನ ವಿಷಯ ಬಂದಾಗ ನಮ್ಮ ಭಾಷಣಗಳೂ ಪಠ್ಯಗಳೂ ಅವಸರ ಮಾಡುತ್ತವೆ. ನನ್ನ ಮಟ್ಟಿಗೆ ಅವರ ರಾಜಕಾರಣ ಇರುವುದೇ ಆ ನಡುವಿನ ವರ್ಷಗಳಲ್ಲಿ.

ರಾಜಕಾರಣ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಹುತಾತ್ಮ ಎಂದು ಕರೆದು ಹಾರ ಹಾಕಿದ ಕೂಡಲೇ ಆ ಮನುಷ್ಯ ಏನು ಯೋಚಿಸಿದ, ಯಾವ ದಾರಿ ಹಿಡಿದ, ಯಾವುದನ್ನು ಬಿಟ್ಟ ಎಂಬ ಪ್ರಶ್ನೆಗಳು ಹಾರದ ಕೆಳಗೆ ಮುಚ್ಚಿಹೋಗುತ್ತವೆ. ಮಹಾದೇವಪ್ಪನವರು ಚುನಾವಣೆಗೆ ನಿಂತವರಲ್ಲ, ಯಾವ ಸಭೆಯ ಸದಸ್ಯರಾದವರೂ ಅಲ್ಲ. ಆದರೂ ಆ ಕಾಲದ ಧಾರವಾಡ ಜಿಲ್ಲೆಯಲ್ಲಿ ತೆರೆದಿದ್ದ ರಾಜಕೀಯದ ದಾರಿಗಳಲ್ಲಿ ಒಂದನ್ನು ಗೊತ್ತಿದ್ದೇ ಆರಿಸಿಕೊಂಡವರು.

ಆ ಸೀಮೆಯ ಸ್ಥಿತಿಯನ್ನು ಮೊದಲು ನೆನೆಯಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು ಎಲ್ಲವೂ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರುಗಳು. ರಾಣೆಬೆನ್ನೂರಿನ ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿಂದಾಚೆ ಮೈಸೂರು ಮಹಾರಾಜರ ಸಂಸ್ಥಾನ. ಒಂದೇ ಭಾಷೆ, ಒಂದೇ ಬಗೆಯ ಎರೆಹೊಲ, ಆದರೆ ಸರ್ಕಾರ ಬೇರೆ, ಕಾನೂನು ಬೇರೆ. ಇತ್ತಕಡೆಯ ರೈತ ಬೆಳೆದ ಹತ್ತಿ ಹುಬ್ಬಳ್ಳಿಯ ಪೇಟೆ ಸೇರಿ, ಅಲ್ಲಿಂದ ಮುಂಬಯಿಗೂ ಕಡಲಾಚೆಗೂ ಹೋಗುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು; ಯುದ್ಧ ಮುಗಿದ ಮೇಲೆ ಬೆಲೆ ಬಿದ್ದು ಹೋಯಿತು. ಹತ್ತಿ ನಮ್ಮದು, ಬೆಲೆ ಇನ್ನಾರದೋ ಕೈಯಲ್ಲಿ ಎಂಬುದು ಈ ರೈತರಿಗೆ ಯಾರೂ ಪಾಠ ಹೇಳಿ ಕಲಿಸಬೇಕಾದ ಸಂಗತಿಯಾಗಿರಲಿಲ್ಲ. ಇಂಥ ನೆಲದಲ್ಲಿ ಖಾದಿಯ ಮಾತು ಬಹಳ ಬೇಗ ಕಿವಿಗೆ ಬಿತ್ತು, ಎದೆಗೂ ತಾಗಿತು.

ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು. ತಂದೆ ಮಾರ್ತಂಡಪ್ಪ, ತಾಯಿ ಬಸಮ್ಮ. ದೇವರಗುಡ್ಡದ ಮಾಲತೇಶನ ಕಾರಣಿಕಕ್ಕೆ ಇಂದಿಗೂ ಜನ ಕಿವಿಗೊಟ್ಟು ನಿಲ್ಲುವ, ಮೈಲಾರಲಿಂಗನ ಭಕ್ತಿ ಮನೆಮನೆಯಲ್ಲಿರುವ ಸೀಮೆ ಇದು. ಮೋಟೆಬೆನ್ನೂರಿನಲ್ಲಿ ಮೊದಲ ಅಕ್ಷರ, ಆಮೇಲೆ ಹಂಸಭಾವಿಯಲ್ಲಿ ಓದು. ಓದು ಮುಂದೆ ಸಾಗಲಿಲ್ಲ. ಚಳವಳಿಯ ಸೆಳೆತ ಅದಕ್ಕಿಂತ ಬಲವಾಗಿತ್ತು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಈ ಹುಡುಗನಿಗೆ ಹದಿಮೂರು ವರ್ಷ. ಆ ಅಧಿವೇಶನ ಬರೀ ಬೆಳಗಾವಿಗೆ ಸೇರಿದ್ದಲ್ಲ. ಅದಾದ ಮೇಲೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಖಾದಿ ಹೊತ್ತು ಮಾರುವವರು, ರಾಟಿ ತಿರುವುವವರು ಕಾಣಿಸಿಕೊಂಡರು. ಹದಿಹರೆಯದ ಮಹಾದೇವ ಆ ಗುಂಪಿಗೆ ಸೇರಿದ. ಖಾದಿ ಕೆಲಸವನ್ನು ಸರಿಯಾಗಿ ಕಲಿಯುವ ಹಂಬಲ ಅವನನ್ನು ಸಾಬರಮತಿಗೆ ಒಯ್ದಿತು.

ದಂಡಿಯಾತ್ರೆಗೆ ಆಯ್ಕೆಯಾಗುವುದು ಸುಲಭದ ಮಾತಾಗಿರಲಿಲ್ಲ. ಊರೂರಿನಿಂದ ಜನ ಬರಲು ಸಿದ್ಧರಿದ್ದರೂ ಗಾಂಧೀಜಿ ಆಶ್ರಮದ ಶಿಸ್ತಿಗೆ ಒಗ್ಗಿದವರನ್ನಷ್ಟೇ ಕರೆದೊಯ್ದರು. 240 ಮೈಲಿಯ ಹಾದಿ, 24 ದಿನದ ನಡಿಗೆ. ಪ್ರತಿಯೊಬ್ಬನೂ ದಿನವೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು. ಅಸಲಾಲಿ, ನಡಿಯಾದ, ಆಣಂದ, ಬೋರಸದ ದಾಟಿ, ಮಹೀ ನದಿಯ ಕೆಸರನ್ನು ರಾತ್ರಿ ಹೊತ್ತಿನಲ್ಲಿ ತುಳಿದು, ಭರೂಚ, ಸೂರತ, ನವಸಾರಿಯ ಮಾರ್ಗವಾಗಿ ಏಪ್ರಿಲ್ 5ರಂದು ದಂಡಿ ಮುಟ್ಟಿದರು. ಮರುದಿನ ಬೆಳಗ್ಗೆ ಉಪ್ಪು ಹಿಡಿದ ಮುಷ್ಟಿಯ ಚಿತ್ರ ಎಲ್ಲರಿಗೂ ಗೊತ್ತು.

ಆ ಹಾದಿಯಲ್ಲಿ ಅಷ್ಟಾಗಿ ಯಾರೂ ಹೇಳದ ಒಂದು ಘಟನೆ ನಡೆಯಿತು. ಮಾರ್ಚ್ 29ರಂದು ಭಾಟಗಾಮ ಎಂಬ ಹಳ್ಳಿಯಲ್ಲಿ ಗಾಂಧೀಜಿ ತಮ್ಮ ಜೊತೆಗಾರರ ಮುಂದೆಯೇ, ಊರ ಜನರ ಎದುರಿಗೆ, ತಮ್ಮನ್ನೂ ಸೇರಿಸಿಕೊಂಡು ಎಲ್ಲರನ್ನೂ ಕಟುವಾಗಿ ತರಾಟೆಗೆ ತೆಗೆದುಕೊಂಡರು. ಯಾತ್ರಿಕರಿಗೆಂದು ಸೂರತದಿಂದ ಮೋಟಾರಿನಲ್ಲಿ ಹಾಲು ಬಂದಿತ್ತು. ರಾತ್ರಿ ನಡೆಯುವಾಗ ಬೆಳಕಿಗೆಂದು ಒಬ್ಬ ಕೂಲಿಯಾಳು ಭಾರವಾದ ದೀಪವನ್ನು ತಲೆಯ ಮೇಲೆ ಹೊತ್ತಿದ್ದ, ಅವನನ್ನು ಬೇಗ ಬೇಗ ನಡೆ ಎಂದು ಅವಸರಿಸಲಾಗಿತ್ತು. ಬಡವರ ಹೆಸರಿನಲ್ಲಿ ಹೊರಟವರು ಬಡವನ ತಲೆಯ ಮೇಲೆ ಭಾರ ಹೊರಿಸುವುದೇ, ಹಳ್ಳಿಯ ಬಡವ ಉಣ್ಣದ್ದನ್ನು ತಾವು ಉಣ್ಣುವುದೇ ಎಂಬುದು ಗಾಂಧೀಜಿಯ ಸಂಕಟ. ವೈಸ್‌ರಾಯರ ಸಂಬಳವನ್ನು ಪ್ರಶ್ನಿಸುವ ಹಕ್ಕು ನಮಗೆ ಬರಬೇಕಾದರೆ ಮೊದಲು ನಮ್ಮ ಖರ್ಚು ನೆಟ್ಟಗಿರಬೇಕು ಎಂಬ ಧಾಟಿಯಲ್ಲಿ ಅವರು ಮಾತಾಡಿದರು. ಮೋಟೆಬೆನ್ನೂರಿನ ಹದಿನೆಂಟರ ಹುಡುಗ ಆ ತಂಡದಲ್ಲಿದ್ದ. ಉಪ್ಪು ಹಿಡಿದ ಕ್ಷಣಕ್ಕಿಂತ ಆ ಸಂಜೆಯ ಮಾತು ಅವನ ಮುಂದಿನ ಬದುಕನ್ನು ಹೆಚ್ಚು ತಿದ್ದಿತು ಎಂದು ನಾನು ನಂಬುತ್ತೇನೆ. ಅವನು ಊರಿಗೆ ಮರಳಿ ಮಾಡಿದ ಕೆಲಸ ನೋಡಿದರೆ ಬೇರೆ ರೀತಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಉಪ್ಪಿನ ಕಾನೂನು ಮುರಿದದ್ದಕ್ಕೆ ಮಹಾದೇವಪ್ಪನವರಿಗೆ ಜೈಲಾಯಿತು. ಕರ್ನಾಟಕದಲ್ಲಿ ಆ ಹೊತ್ತಿಗೆ ಏಪ್ರಿಲ್ 13ರಂದೇ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪು ತೆಗೆದು ಕಾನೂನು ಮುರಿದಾಗಿತ್ತು. ಅಂಕೋಲೆ, ಸಿದ್ದಾಪುರ, ಇತ್ತ ನಮ್ಮ ಹಿರೇಕೆರೂರು ತಾಲ್ಲೂಕಿನಲ್ಲಿ ರೈತರು ಕಂದಾಯ ಕೊಡುವುದಿಲ್ಲ ಎಂದು ಹಟ ಹಿಡಿದರು. ಹೊಲ ಜಪ್ತಿಯಾಯಿತು, ದನ ಹರಾಜಾದವು, ಮನೆಯ ಪಾತ್ರೆ ಪಗಡ ಚಾವಡಿಗೆ ಹೋದವು. ಹೊಲ ಹೋದರೂ ಬಗ್ಗದ ಈ ರೈತರ ಹೆಸರು ಯಾವ ಚೌಕದಲ್ಲೂ ಕಾಣುವುದಿಲ್ಲ. 1937ರಲ್ಲಿ ಬಂದ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಜಪ್ತಿಯಾದ ಜಮೀನು ಮರಳಿಸುವ ಕಾನೂನು ತಂದಿತು. ಅಲ್ಲಿಯವರೆಗೆ ಆ ಕುಟುಂಬಗಳು ಹೇಗೆ ದಿನ ದೂಡಿದವೋ!

ಈ ಹೋರಾಟದಲ್ಲಿ ಸಿದ್ದಮ್ಮನವರನ್ನು ಬರೀ ಹೆಂಡತಿ ಎಂದು ಹೇಳಿ ಮುಂದೆ ಹೋಗುವುದು ಅನ್ಯಾಯ. ಮಹಾದೇವಪ್ಪನವರ ಜೊತೆ ಸಾಬರಮತಿಗೆ ಹೋದ, ಆಶ್ರಮದ ಕಷ್ಟದ ಬದುಕಿಗೆ ಒಗ್ಗಿಕೊಂಡ, ಗುಜರಾತಿನಲ್ಲಿಯೇ ಸತ್ಯಾಗ್ರಹ ಮಾಡಿ ಸೆರೆಮನೆ ಕಂಡ ಹಳ್ಳಿಯ ಹೆಣ್ಣುಮಗಳು ಅವರು. ಬ್ಯಾಡಗಿ ಸೀಮೆಯಿಂದ ಅಹಮದಾಬಾದಿನ ಜೈಲಿನವರೆಗಿನ ಹಾದಿಯನ್ನು, ಭಾಷೆ ಬಾರದ ಊರಿನಲ್ಲಿ, 1930ರ ದಶಕದಲ್ಲಿ ಒಬ್ಬ ಹೆಣ್ಣುಮಗಳು ನಡೆದಳು ಎಂದರೆ ಅದು ಸಣ್ಣ ಮಾತಲ್ಲ. ದಂಡಿಯಾತ್ರೆಯ ಆ ಮೊದಲ ತಂಡದಲ್ಲಿ ಒಬ್ಬ ಹೆಂಗಸಿಗೂ ಜಾಗವಿರಲಿಲ್ಲ. ಸಿದ್ದಮ್ಮನವರಂಥವರು ಜಾಗವನ್ನು ತಾವೇ ಮಾಡಿಕೊಂಡರು.

1932ರ ಎರಡನೆಯ ಹಂತದ ಕಾನೂನುಭಂಗದಲ್ಲಿ ಮತ್ತೆ ಸೆರೆವಾಸ, ಬೆಳಗಾವಿಯ ಹಿಂಡಲಗಾ ಜೈಲು. ಹಿಂಡಲಗಾ ಆ ಕಾಲದ ಮುಂಬಯಿ ಕರ್ನಾಟಕಕ್ಕೆ ಒಂದು ಬಗೆಯ ವಿಶ್ವವಿದ್ಯಾಲಯವೇ ಆಗಿತ್ತು. ಕಾರವಾರದ ಗೇಣಿದಾರ, ಧಾರವಾಡದ ವಕೀಲ, ಬಿಜಾಪುರದ ಮೇಷ್ಟ್ರು, ಹಾವೇರಿಯ ಒಕ್ಕಲಿಗ ಒಂದೇ ಬ್ಯಾರಕ್ಕಿನಲ್ಲಿ ಮಲಗಿದರು. ಊರಿಗೊಂದು ಪಂಗಡವಾಗಿದ್ದ ಜನ ತಾವೆಲ್ಲ ಕನ್ನಡದವರೆಂದು ಅರಿತದ್ದರಲ್ಲಿ ಆ ಜೈಲಿನ ಪಾಲು ದೊಡ್ಡದು. 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಹಾವೇರಿ ಸೀಮೆಯ ಮೂಲಕ ಹಾದರು. ಚಳವಳಿ ಆಗ ತಣ್ಣಗಾಗಿತ್ತು. ಜೈಲಿನಿಂದ ಹೊರಬಂದ ತರುಣರ ಎದುರು ಮುಂದೇನು ಎಂಬ ಪ್ರಶ್ನೆ ನಿಂತಿತ್ತು.

ಅವರ ಮುಂದೆ ದಾರಿಗಳಿದ್ದವು. ಒಂದು, ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರದು. ವಕೀಲರು, ಬ್ರಾಹ್ಮಣೇತರ ಚಳವಳಿಯ ಮುಂದಾಳು, 1924ರಲ್ಲಿ ಬೆಳಗಾವಿಯಲ್ಲಿ ನಡೆದ ಕರ್ನಾಟಕ ಏಕೀಕರಣ ಪರಿಷತ್ತಿನ ಅಧ್ಯಕ್ಷರು. 1930ರ ದಶಕದಲ್ಲಿ ಅವರು ಮುಂಬಯಿ ಸರ್ಕಾರದ ಮಂತ್ರಿ. ಬ್ರಿಟಿಷರು ಕೊಟ್ಟಷ್ಟು ಅಧಿಕಾರದೊಳಗೇ ನಿಂತು ಹಿಂದುಳಿದವರಿಗೆ ಶಿಕ್ಷಣ, ನೌಕರಿ, ಕನ್ನಡ ಭಾಗಕ್ಕೆ ನ್ಯಾಯ ದೊರಕಿಸಬೇಕು ಎಂಬುದು ಆ ದಾರಿ. ಜೈಲಿಗೆ ಹೋದವರಷ್ಟೇ ದೇಶಭಕ್ತರು ಎಂಬ ಅಳತೆಗೋಲಿನಿಂದ ಅವರನ್ನು ಅಳೆಯಬಾರದು. ಇನ್ನೊಂದು, ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರದು. 1906ರಲ್ಲಿ ಹುಟ್ಟಿದ ಅವರು ಮಹಾದೇವಪ್ಪನವರಿಗಿಂತ ಐದು ವರ್ಷ ಹಿರಿಯರು. ಜೈಲು, ಕಾಂಗ್ರೆಸ್ ಸಂಘಟನೆ, ಶಾಸನಸಭೆ, ಏಕೀಕರಣದ ಹೋರಾಟ ಎಲ್ಲವನ್ನೂ ಒಂದೇ ನೇಗಿಲಿಗೆ ಹೂಡಿ, ಕೊನೆಗೆ ವಿಧಾನ ಪರಿಷತ್ತಿನ ಸಭಾಪತಿ ಪೀಠದವರೆಗೆ ಬಂದವರು. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜಿನಲ್ಲಿ ಓದಿದವರು ಇಂದು ನಾಡಿನ ತುಂಬ ಇದ್ದಾರೆ.

ಈ ಎರಡೂ ದಾರಿಗೆ ಮತಪೆಟ್ಟಿಗೆ ಬೇಕಿತ್ತು. ಆದರೆ 1937ರ ಚುನಾವಣೆಯ ಹೊತ್ತಿಗೆ ಮತದ ಹಕ್ಕು ಇದ್ದದ್ದು ಎಲ್ಲರಿಗಲ್ಲ. ಇಷ್ಟು ಕಂದಾಯ ಕಟ್ಟುವವನು, ಇಷ್ಟು ಓದಿದವನು ಎಂಬ ಲೆಕ್ಕದಲ್ಲಿ ಜನಸಂಖ್ಯೆಯ ಏಳರಲ್ಲಿ ಒಂದು ಪಾಲಿಗಷ್ಟೇ ಮತ. ಕೂಲಿ ಮಾಡುವವನಿಗೆ, ಗೇಣಿ ಮಾಡುವ ಬಹುಪಾಲು ಜನರಿಗೆ, ಅವರ ಮನೆಯ ಹೆಂಗಸರಿಗೆ ಆ ಪೆಟ್ಟಿಗೆ ಎಟುಕುತ್ತಿರಲಿಲ್ಲ. ಮಹಾದೇವಪ್ಪ ಹೋಗಿ ನಿಂತದ್ದು ಈ ಮತವಿಲ್ಲದವರ ಊರಿನಲ್ಲಿ. ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಅವರು ಸೇವಾಶ್ರಮ ಕಟ್ಟಿದರು.

ಕೊರಡೂರಿನ ಕೆಲಸದಲ್ಲಿ ಪತ್ರಿಕೆಯ ಮುಖಪುಟಕ್ಕೆ ಬರುವಂಥದ್ದು ಏನೂ ಇಲ್ಲ. ಹಂಜಿ ಮಾಡಿ ನೂಲುವುದು, ಲಡಿ ಎಣಿಸುವುದು, ನೇಯಿಸುವುದು, ಖಾದಿ ಉಡುವಂತೆ ಜನರನ್ನು ಒಪ್ಪಿಸುವುದು. ಬೀದಿ ಗುಡಿಸುವುದು, ಅಕ್ಷರ ಕಲಿಸುವುದು, ಕೇರಿಯ ಗೆರೆ ದಾಟಿ ಒಟ್ಟಿಗೆ ಕೂರುವುದು. ಗಾಂಧೀಜಿ 1941ರಲ್ಲಿ ರಚನಾತ್ಮಕ ಕಾರ್ಯಕ್ರಮದ ಕಿರುಹೊತ್ತಿಗೆ ಬರೆದು ಇದೇ ಸ್ವರಾಜ್ಯ ಎಂದರು. ಕೊರಡೂರಿನವರು ಅದಕ್ಕೆ ಮೊದಲೇ ಅದನ್ನು ಶುರುಮಾಡಿದ್ದರು. ಹತ್ತಿ ಬೆಳೆದು ಅರಳೆ ಮಾರಿ, ಅದೇ ಹತ್ತಿಯ ಬಟ್ಟೆಯನ್ನು ಮೂರು ಪಟ್ಟು ಕೊಟ್ಟು ಕೊಳ್ಳುತ್ತಿದ್ದ ರೈತನ ಮನೆಯಲ್ಲಿ ರಾಟಿ ತಿರುಗಿದರೆ ಅದರ ಅರ್ಥ ಆ ರೈತನಿಗೆ ಅರ್ಥಶಾಸ್ತ್ರದ ಪಂಡಿತರಿಗಿಂತ ಚೆನ್ನಾಗಿ ತಿಳಿಯುತ್ತದೆ. ಊರಿನವರ ಜೊತೆ ಊರಿನವನಾಗಿ ವರ್ಷಗಟ್ಟಲೆ ಇದ್ದವನ ಮಾತನ್ನು ಜನ ಕೇಳುತ್ತಾರೆ, ಆಪತ್ತಿನಲ್ಲಿ ಅವನನ್ನು ಬಚ್ಚಿಡುತ್ತಾರೆ, ಅವನಿಗೆ ರೊಟ್ಟಿ ಕಟ್ಟಿ ಕೊಡುತ್ತಾರೆ, ಪೊಲೀಸರು ಬಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಆ ವಿಶ್ವಾಸ 1942ರಲ್ಲಿ ಹಠಾತ್ತನೆ ಹುಟ್ಟಿದ್ದಲ್ಲ.

1942ರ ಆಗಸ್ಟ್ 8ರ ರಾತ್ರಿ ಮುಂಬಯಿಯಲ್ಲಿ ಬ್ರಿಟಿಷರು ದೇಶ ಬಿಟ್ಟು ತೊಲಗಲಿ ಎಂಬ ಠರಾವಾಯಿತು. ಬೆಳಗಾಗುವುದರೊಳಗೆ ನಾಯಕರೆಲ್ಲ ಜೈಲು ಸೇರಿದರು. ಆಗಸ್ಟ್ 15ರಂದು ಹುಬ್ಬಳ್ಳಿಯಲ್ಲಿ ಹುಡುಗ ನಾರಾಯಣ ಡೋಣಿ ಗುಂಡಿಗೆ ಬಿದ್ದ. ಧಾರವಾಡ ಜಿಲ್ಲೆಯಲ್ಲಿ ತಂತಿಕಂಬಗಳು ಉರುಳಿದವು, ಚಾವಡಿಗಳು ಉರಿದವು, ಕಾಗದಪತ್ರ ಬೂದಿಯಾದವು. ಚಾವಡಿಯೇ ಏಕೆ? ಹಳ್ಳಿಯ ಜನ ಕಂಡ ಬ್ರಿಟಿಷ್ ಸರ್ಕಾರ ಎಂದರೆ ಗೌಡ, ಕುಲಕರ್ಣಿ, ಮಾಮಲೇದಾರ ಮತ್ತು ಕಂದಾಯದ ಲೆಕ್ಕದ ಪುಸ್ತಕ. ದೊರೆ ಲಂಡನ್ನಿನಲ್ಲಿದ್ದ, ಅವನ ಕೈ ಚಾವಡಿಯಲ್ಲಿತ್ತು. ಮಹಾದೇವಪ್ಪ ಭೂಗತರಾಗಿ ತಂಡ ಕಟ್ಟಿದರು. ಸರ್ಕಾರದ ಆಡಳಿತ ನಡೆಯದಂತೆ ಮಾಡಬೇಕು, ವಸೂಲಾದ ಕಂದಾಯ ಸರ್ಕಾರದ ಖಜಾನೆ ಸೇರಬಾರದು ಎಂಬುದು ಗುರಿ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಹಾರ ಹಾಕುವ ದಿನ ನಾವು ಅದನ್ನು ಕೇಳುವುದಿಲ್ಲ. ಗಾಂಧೀಜಿಯ ಬೆನ್ನ ಹಿಂದೆ 240 ಮೈಲಿ ನಡೆದವರು, ಗುಟ್ಟಾಗಿ ತಿರುಗಿ ಕಂದಾಯದ ಹಣಕ್ಕೆ ಕೈ ಹಾಕುವ ದಾರಿಗೆ ಹೇಗೆ ಬಂದರು? ಗಾಂಧೀಜಿ ಭೂಗತ ಚಟುವಟಿಕೆಯನ್ನೂ ಆಸ್ತಿನಾಶವನ್ನೂ ಒಪ್ಪಿದವರಲ್ಲ. 1944ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಭೂಗತರೆಲ್ಲ ಹೊರಬರಬೇಕೆಂದರು. ಅದುವರೆಗೆ ಕರ್ನಾಟಕದ ಭೂಗತ ಚಳವಳಿಯನ್ನು ನಡೆಸಿದ ಆರ್.ಆರ್. ದಿವಾಕರರು ಆ ಮಾತಿಗೆ ತಲೆಬಾಗಿ ಪೊಲೀಸರಿಗೆ ಒಪ್ಪಿಸಿಕೊಂಡರು. ಆದರೆ 1942-43ರಲ್ಲಿ ಗಾಂಧೀಜಿ ಆಗಾಖಾನ್ ಅರಮನೆಯ ಬಂಧನದಲ್ಲಿದ್ದರು. ಅವರ ಮಾತು ಹೊರಗಿನವರಿಗೆ ತಲುಪುವಂತಿರಲಿಲ್ಲ. ಕರ್ನಾಟಕದ ಚಳವಳಿಗಾರರು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು: ಸರ್ಕಾರದ ಸೊತ್ತಿಗೆ ಕೈ ಹಾಕಬಹುದು, ಮನುಷ್ಯನ ಜೀವಕ್ಕೆ ಹಾಕಬಾರದು. ಇದು ಗಾಂಧೀಜಿ ಒಪ್ಪುವ ಅಹಿಂಸೆಯಲ್ಲ, ಬಂದೂಕಿನ ಕ್ರಾಂತಿಯೂ ಅಲ್ಲ. ಕಲಿತ ಪಾಠಕ್ಕೂ ಕಣ್ಣೆದುರಿನ ದಬ್ಬಾಳಿಕೆಗೂ ನಡುವೆ ನಿಂತು ತಾವೇ ಹುಡುಕಿಕೊಂಡ ದಾರಿ. ಮಹಾದೇವಪ್ಪನವರನ್ನು ಅಪ್ಪಟ ಗಾಂಧಿವಾದಿ ಎಂದೋ ಕ್ರಾಂತಿಕಾರಿ ಎಂದೋ ಒಂದೇ ಗೂಟಕ್ಕೆ ಕಟ್ಟುವುದು ಅವರ ಯೋಚನೆಗೆ ಮಾಡುವ ಅಪಚಾರ. ನನ್ನ ಗೌರವ ಹೆಚ್ಚಿರುವುದು ಆ ಇಕ್ಕಟ್ಟಿನಲ್ಲಿ ಕೈಕಟ್ಟಿ ಕೂರದೆ ಒಂದು ನಿರ್ಧಾರಕ್ಕೆ ಬಂದದ್ದರ ಮೇಲೆ.

1943ರ ಆ ಮೂರು ತಿಂಗಳು ನೆನೆಸಿಕೊಂಡರೆ ಇಂದಿಗೂ ಎದೆ ಭಾರವಾಗುತ್ತದೆ. ಫೆಬ್ರುವರಿ 10ರಿಂದ ಮಾರ್ಚ್ 3ರವರೆಗೆ ಗಾಂಧೀಜಿ ಬಂಧನದಲ್ಲಿಯೇ 21 ದಿನ ಉಪವಾಸ ಮಾಡಿದರು. ಬದುಕಿ ಉಳಿಯುತ್ತಾರೋ ಇಲ್ಲವೋ ಎಂದು ದೇಶ ಉಸಿರು ಹಿಡಿದಿತ್ತು. ಮಾರ್ಚ್ 8, 9, 10ರಂದು ಬೆಂಗಳೂರಿನ ಜೈಲಿನಲ್ಲಿ, ಇದೇ ಚಳವಳಿಯಲ್ಲಿ ಸೆರೆಯಾಗಿದ್ದ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಶಿಕಾರಿಪುರ ತಾಲ್ಲೂಕಿನ ಈಸೂರು ಹಿರೇಕೆರೂರಿನ ಜನಕ್ಕೆ ನೆರೆಯ ಸೀಮೆ. ಮೈಸೂರು ಸಂಸ್ಥಾನದ್ದಾದರೂ ನಂಟರು ಬಂಧುಗಳು ಗಡಿಯ ಎರಡೂ ಕಡೆ. ಇತ್ತ ಬಿಜಾಪುರದ ಕಡೆ ಬರ, ಯುದ್ಧದಿಂದ ಏರಿದ ಧಾರಣೆ. ಬೆಳೆ ಬಂದರೂ ಬರದಿದ್ದರೂ ಕಂದಾಯದ ವಸೂಲಿ ಮಾತ್ರ ತಪ್ಪಲಿಲ್ಲ.

ಏಪ್ರಿಲ್ 1. ವರದಾ ನದಿಯ ಬದಿಯ ಹೊಸರಿತ್ತಿ. ವಸೂಲಾದ ಕಂದಾಯದ ಹಣ ವೀರಭದ್ರ ದೇವಸ್ಥಾನದಲ್ಲಿತ್ತು, ಬಂದೂಕು ಹಿಡಿದ ಪೊಲೀಸರ ಕಾವಲಿತ್ತು. ಮಹಾದೇವಪ್ಪನವರ ತಂಡ ಆ ಹಣಕ್ಕೆ ಕೈ ಹಾಕಿತು. ಪೊಲೀಸರು ಗುಂಡು ಹಾರಿಸಿದರು. ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಅಸುನೀಗಿದರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡು ತುಂಬಲು ಎರಡು ತಿಂಗಳಷ್ಟೇ ಉಳಿದಿತ್ತು.

ಶಾಸನಸಭೆಯ ದಾರಿ ಹಿಡಿದ ಹಳ್ಳಿಕೇರಿಯವರ ಹುಟ್ಟೂರಿನಲ್ಲೇ ಹಳ್ಳಿಯ ದಾರಿ ಹಿಡಿದ ಮಹಾದೇವಪ್ಪನವರ ಹಾದಿ ಮುಗಿಯಿತು. ಈ ಇಬ್ಬರನ್ನು ಎದುರುಬದುರು ನಿಲ್ಲಿಸಿ ಯಾರು ದೊಡ್ಡವರು ಎಂದು ತೂಗುವ ಚಾಳಿ ನಮ್ಮ ಕಡೆ ಇದೆ. ಅದು ಬೇಡ. 1956ರ ನವೆಂಬರ್ 1ರಂದು ತುಂಗಭದ್ರೆಯ ಎರಡೂ ದಡ ಒಂದೇ ರಾಜ್ಯವಾದದ್ದು ಸಭೆಗಳಲ್ಲಿ ಪಟ್ಟು ಹಿಡಿದು ಮಾತಾಡಿದವರಿಂದ, ಅದಕ್ಕಾಗಿ ಉಪವಾಸ ಕೂತವರಿಂದ. ಆದರೆ ಆ ಸಭೆಗಳ ಹಿಂದೆ ಜನರಿದ್ದರು. ಜನ ತಮ್ಮ ಮಾತಿಗೆ ಬೆಲೆಯಿದೆ ಎಂದು ನಂಬುವಂತಾದದ್ದು ಕೊರಡೂರಿನಂಥ ಊರುಗಳಲ್ಲಿ.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಅಂದು ಬಿದ್ದ ಮೂವರಲ್ಲಿ ಇಬ್ಬರ ಮನೆತನದ ಹೆಸರೇ ಹೇಳುವಂತೆ ಒಬ್ಬರು ಮಡಿವಾಳರ ಮನೆಯವರು, ಇನ್ನೊಬ್ಬರು ಹಿರೇಮಠದವರು. ಬಟ್ಟೆ ಒಗೆಯುವ ಮನೆಯವರೂ ಮಠದ ಮನೆಯವರೂ ಪ್ರಾಣದ ಹಂಗು ತೊರೆದು ಒಂದೇ ತಂಡದಲ್ಲಿ ಹೋದದ್ದು 1943ರ ಹಳ್ಳಿಯಲ್ಲಿ ತಾನಾಗಿ ಆಗುವ ಮಾತಲ್ಲ. ಹೀಗಿರುವಾಗ ತಿರಕಪ್ಪ, ವೀರಯ್ಯ ಎಂಬ ಹೆಸರುಗಳು ಮಹಾದೇವಪ್ಪನವರ ಹೆಸರಿನ ಬಾಲವಾಗಿ, ‘ಮತ್ತು ಇಬ್ಬರು ಸಂಗಡಿಗರು’ ಎಂಬ ಮಾತಿನಲ್ಲಿ ಕರಗಿಹೋಗುವುದು ಸರಿಯಲ್ಲ. ಸಿದ್ದಮ್ಮನವರ ಕಥೆಯೂ, ಜಮೀನು ಕಳೆದುಕೊಂಡು ನಿಂತ ಹಿರೇಕೆರೂರಿನ ರೈತರ ಕಥೆಯೂ ಹಾಗೆಯೇ.

ಹಾವೇರಿ 1997ರ ಆಗಸ್ಟ್ 24ರಂದು ತನ್ನದೇ ಜಿಲ್ಲೆಯಾಯಿತು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಹಳ್ಳಿಗಳಲ್ಲಿ ಉಳಿದ ಲಾವಣಿ, ಮನೆಮಾತಿನ ನೆನಪುಗಳನ್ನು ಕೂಡಿಸುವುದೇ ಅದರ ಕೆಲಸ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ. ಅವರು ಮೋಟೆಬೆನ್ನೂರು, ಕೊರಡೂರು, ಹೊಸರಿತ್ತಿ, ಹಂಸಭಾವಿಯ ಮನೆಮನೆಗೆ ಹೋಗಿ, ಜೈಲಿನ ದಾಖಲೆಗಳನ್ನೂ ಜಪ್ತಿಯ ಕಾಗದಗಳನ್ನೂ ಹಳೆಯ ಪೆಟ್ಟಿಗೆಗಳಿಂದ ತೆಗೆಸಿ, ಆ ಹದಿಮೂರು ವರ್ಷವನ್ನು ಊರೂರಿನ ಹೆಸರು ಹಿಡಿದು ಬರೆಯಬೇಕು. 1930ರ ದಶಕವನ್ನು ಕಣ್ಣಾರೆ ಕಂಡವರು ಬಹುತೇಕ ಹೊರಟುಹೋಗಿದ್ದಾರೆ; ಅವರ ಬಾಯಿಂದ ಕೇಳಿದ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೂ ಈಗ ಎಪ್ಪತ್ತು ಎಂಬತ್ತು ದಾಟಿದೆ. ಈ ಬೇಸಿಗೆಯ ರಜೆಯಲ್ಲೇ ಕೆಲಸ ಶುರುವಾಗಲಿ.